ದೋಣಿಗೊಂದು ಮರಿದೋಣಿ

ನಮ್ಮವರು ದೋಣಿ ಕೊಂಡದ್ದು ನಡುಬೇಸಿಗೆಯಲ್ಲಿ. ಆಗ ನಮ್ಮೂರ ಕೆರೆಯೊಳಗೆ ದನ ಮೇಯುತ್ತಿದ್ದವು. ಈ ಮಾತನ್ನು ಯಾರ ಮುಂದಾದರೂ ತೆಗೆದರೆ ನಮ್ಮವರು ಇವತ್ತಿಗೂ ಎದ್ದು ಒಳಗೆ ಹೋಗುತ್ತಾರೆ. ಅದಕ್ಕೇ ಇಲ್ಲಿಂದಲೇ ಶುರು ಮಾಡುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಮದುವೆಯಾಗಿ ಒಂದು ವರ್ಷ ತುಂಬಿತ್ತು. ನಾನು ಮಾಲೂರಿನವಳು, ಹಂಚಿನ ಕಾರ್ಖಾನೆಯ ಹೊಗೆ ನೋಡಿ ಬೆಳೆದವಳೇ ಹೊರತು ನೀರು ನೋಡಿ ಬೆಳೆದವಳಲ್ಲ. ಕೊಟ್ಟದ್ದು ಮುಳಬಾಗಿಲು ತಾಲ್ಲೂಕಿಗೆ, ತಾಯಲೂರಿನ ಆಚೆಗಿನ ಒಂದು ಹಳ್ಳಿಗೆ. ಮನೆಯಲ್ಲಿ ನಾನು, ನಮ್ಮವರು, ನಮ್ಮ ಅತ್ತೆ, ಇಷ್ಟೇ ಜನ. ಮಾವ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಮ್ಮವರು ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಬಸ್ಸಿನಲ್ಲಿ ಕೂತು ಓದುವ ಚಾಳಿಯೊಂದು ಇಲ್ಲದಿದ್ದರೆ ಅವರ ಮೇಲೆ ಹೇಳಲು ನನಗೆ ಏನೂ ಇರುತ್ತಿರಲಿಲ್ಲ.

ಕೋಲಾರದ ರದ್ದಿ ಅಂಗಡಿಯೊಂದರಲ್ಲಿ ಅವರಿಗೆ ರಟ್ಟು ಕಿತ್ತುಹೋದ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತು. ಯಾವುದೋ ದೇಶದ ಜನ ದೋಣಿಯಲ್ಲೇ ಸಂಸಾರ ಹೂಡಿ, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗಿ, ಊರಿಂದೂರಿಗೆ ನಿಧಾನವಾಗಿ ಸುತ್ತಾಡುವುದನ್ನು ಚಿತ್ರಸಮೇತ ವಿವರಿಸಿದ್ದ ಪತ್ರಿಕೆ ಅದು. ತಿಂಗಳುಗಟ್ಟಲೆ ಅದನ್ನೇ ಓದಿದರು. ಆ ಹೊತ್ತಿಗೆ ಸರಿಯಾಗಿ ಆಂಧ್ರದ ಗಡಿಯಾಚೆ ಯಾವುದೋ ಜಲಾಶಯದಲ್ಲಿ ಹಳೆಯ ದೋಣಿಯೊಂದನ್ನು ಹರಾಜು ಹಾಕುತ್ತಾರೆಂದು ಸುದ್ದಿ ಬಂತು. ಮನೆಯಲ್ಲಿ ಯಾರಿಗೂ ಹೇಳದೆ ಹೋಗಿ ಕೂಗಿದರು. ಅವರೊಬ್ಬರೇ ಕೂಗಿದ್ದು, ಆದ್ದರಿಂದ ಅವರಿಗೇ ಆಯಿತು.

ನಂಗಲಿಯ ಅವರ ಸ್ನೇಹಿತರೊಬ್ಬರು ಲಾರಿ ಓಡಿಸುತ್ತಿದ್ದರು. ಆ ಲಾರಿಯಲ್ಲಿ ದೋಣಿ ಬಂತು. ನಮ್ಮ ನಡುಮನೆಯಷ್ಟು ಉದ್ದ, ಮೇಲೆ ತಗಡಿನ ಮಾಡು, ಒಳಗೆ ಎದುರುಬದುರಾಗಿ ಎರಡು ಬೆಂಚು. ಹೊಟ್ಟೆಯ ಕೆಳಗೆ ಉದ್ದಕ್ಕೂ ಮೊಣಕಾಲೆತ್ತರದ ಒಂದು ದಪ್ಪ ಹಲಗೆ. ಕೆರೆಯ ಅಂಗಳದ ನಡುವೆ ಒಂದು ಜಾಲಿಮರ ನೋಡಿ, ಅದಕ್ಕೆ ಎತ್ತಿನ ಹಗ್ಗದಲ್ಲಿ ದೋಣಿಯನ್ನು ಕಟ್ಟಿದರು. ನೀರಿಲ್ಲದ ಕಡೆ ಕಟ್ಟುವುದು ಯಾಕೆ ಎಂದು ಕೇಳಿದೆ. ಯಾರಾದರೂ ಹೊಡೆದುಕೊಂಡು ಹೋದರೆ ಎಂದರು. ಬೇಸಿಗೆ ಮುಗಿಯುವವರೆಗೂ ಕುರಿ ಕಾಯುವವರು ಅದರ ಮಾಡಿನ ಕೆಳಗೆ ಬುತ್ತಿ ಬಿಚ್ಚಿ ಉಂಡರು. ಚಕ್ರವಿಲ್ಲದ ಈ ಬಸ್ಸು ಮುಳಬಾಗಿಲಿಗೆ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಊರಿನವರು ದಿನಾ ಕೇಳುತ್ತಿದ್ದರು. ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ ಮಳೆ ಹಿಡಿಯಿತು. ಒಂದು ವಾರ ಬಿಟ್ಟೂಬಿಡದೆ ಹೊಯ್ಯಿತು. ಮೇಲಿನ ಕೆರೆಗಳು ತುಂಬಿ ನಮ್ಮ ಕೆರೆಗೆ ನೀರು ಬಂತು. ನಾವೆಲ್ಲ ಕಟ್ಟೆಯ ಮೇಲೆ ಗೋಣಿಚೀಲದ ಕೊಪ್ಪೆ ಹೊದ್ದು ನಿಂತು ನೋಡುತ್ತಿದ್ದಂತೆ ದೋಣಿ ಸಣ್ಣಗೆ ಅಲುಗಾಡಿತು, ಓರೆಯಾಯಿತು, ಆಮೇಲೆ ನೆಟ್ಟಗಾಗಿ ತೇಲಿತು. ನಗುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ಮಳೆಯನ್ನು ತಾವೇ ಕರೆಸಿದವರ ಹಾಗೆ ನಮ್ಮವರು ಎದೆ ಸೆಟೆಸಿ ನಿಂತರು. ಎರಡು ದಿನ ಹಾಗೇ ನಿಂತಿದ್ದರೇನೋ. ಮೂರನೆಯ ದಿನ ಅವರಿಗೆ ಹೊಳೆದದ್ದು, ದೋಣಿ ಕೆರೆಯ ನಡುವೆ ಇದೆ, ತಾವು ಕಟ್ಟೆಯ ಮೇಲೆ ಇದ್ದೇವೆ ಎಂದು.

ಅವರಿಗೆ ಈಜು ಬರುತ್ತಿತ್ತು. ಪಂಚೆಯನ್ನು ತಲೆಗೆ ಸುತ್ತಿಕೊಂಡು ಈಜಿ ಹೋಗಿ, ಹಗ್ಗ ಬಿಚ್ಚಿ, ಬಿದಿರು ಗಳ ಊರುತ್ತಾ ದೋಣಿಯನ್ನು ದಡಕ್ಕೆ ತರಲು ನೋಡಿದರು. ಕಟ್ಟೆಯ ಕಡೆ ಕಲ್ಲು, ಬಂದರೆ ಒಡೆಯುತ್ತದೆ. ಆಚೆ ಹೊಲಗಳ ಕಡೆ ನೆಲ ಸಪಾಟು. ದಡ ಇನ್ನೂ ನೂರು ಮಾರು ಇರುವಾಗಲೇ ಹೊಟ್ಟೆಯ ಹಲಗೆ ಕೆಸರಿಗೆ ಕಚ್ಚಿಕೊಂಡಿತು. ಊರಿನ ನಾಲ್ವರು ಎದೆಮಟ್ಟ ನೀರಿನಲ್ಲಿ ನಿಂತು ಒಂದು ಹಗಲೆಲ್ಲ ನೂಕಿ ಬಿಡಿಸಿದರು. ದೋಣಿ ಮತ್ತೆ ಜಾಲಿಮರಕ್ಕೇ ಹೋಯಿತು.

ಆಗ ಮತ್ತೆ ಪತ್ರಿಕೆ ಹೊರಗೆ ಬಂತು. ಅದರಲ್ಲಿ ಇದಕ್ಕೆಂದೇ ಒಂದು ಲೇಖನವಿತ್ತು: ದೊಡ್ಡ ದೋಣಿಯಿಂದ ದಡಕ್ಕೂ ದಡದಿಂದ ದೊಡ್ಡ ದೋಣಿಗೂ ಓಡಾಡಲು ಒಂದು ಸಣ್ಣ ದೋಣಿ ಬೇಕೇ ಬೇಕು, ಅದನ್ನು ಆರಿಸುವುದು ಹೇಗೆ ಎಂದು. ಮೊದಲು ಅದನ್ನು ಓದುವಾಗ ಸಾಹುಕಾರರ ಶೋಕಿ ಎಂದುಕೊಂಡು ಪುಟ ಮಗುಚಿದ್ದರಂತೆ. ಈಗ ಊಟಕ್ಕೆ ಕೂತಾಗಲೆಲ್ಲ ಅದನ್ನು ಕನ್ನಡ ಮಾಡಿ ನಮಗೆ ಹೇಳುತ್ತಿದ್ದರು. ಮರಿದೋಣಿಯನ್ನು ಇಬ್ಬರು ಎತ್ತುವಂತಿರಬೇಕು. ಕಾಲಿಟ್ಟ ಕೂಡಲೇ ಮಗುಚಬಾರದು. ಹೊರೆ ಹೊರಬೇಕು. ಎಳೆದರೆ ಹಟ ಮಾಡದೆ ಹಿಂದೆ ಬರಬೇಕು. ಇಷ್ಟು ಗುಣ ನೋಡಿದ್ದರೆ ನನಗೆ ಇನ್ನೂ ಒಳ್ಳೆಯ ಗಂಡನನ್ನು ಹುಡುಕಬಹುದಿತ್ತು ಎಂದು ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಸೆರಗು ಅಡ್ಡ ಹಿಡಿದು ನಕ್ಕರು.

ಅದೇ ವಾರ ಕೆರೆ ಕೋಡಿ ಬಿತ್ತು. ತುಂಬಿ ಮಿಕ್ಕ ನೀರು ಕಟ್ಟೆಯ ತುದಿಯ ಕೋಡಿಗಲ್ಲಿನ ಮೇಲೆ ಹರಿಯುವ ಸದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಎಷ್ಟೋ ವರ್ಷಕ್ಕೊಮ್ಮೆ ಕಾಣುವ ಭಾಗ್ಯ ಅದು. ಕೋಡಿ ಹರಿಯುತ್ತಿರುವಾಗಲೇ ಊರಿನ ಮುತ್ತೈದೆಯರು ಕೆರೆಗೆ ಬಾಗಿನ ಕೊಡಬೇಕು. ಹರಿವು ನಿಂತ ಮೇಲೆ ಕೊಟ್ಟರೆ ಅದು ಬಾಗಿನವಲ್ಲ. ಹಿರಿಯರು ಒಂದು ಶುಕ್ರವಾರ ಗೊತ್ತುಮಾಡಿದರು. ನನ್ನ ಮೊರವನ್ನು ಜೋಡಿಸಿದವರು ಅತ್ತೆಯೇ. ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ಯಾವುದೂ ಒಂದು ಚೂರು ಕಡಿಮೆಯಾಗದ ಹಾಗೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಬಾಗಿಲವರೆಗೆ ಬಂದು ಕಳಿಸಿದರು. ಹೊಸಿಲು ದಾಟಲಿಲ್ಲ.

ನಾನು ವಾಪಸು ಬಂದಾಗ ಅತ್ತೆ ರಾಗಿ ಬೀಸುತ್ತಿದ್ದರು. ಡಬ್ಬದ ತುಂಬ ಹಿಟ್ಟು ಇದ್ದಾಗಲೂ ಬೀಸುತ್ತಿದ್ದರು. ನೀರು ತೂಬಿನ ಕಂಬದ ಎಲ್ಲಿಯವರೆಗೆ ಬಂದಿದೆ, ಯಾರು ಮೊದಲು ಕೊಟ್ಟರು, ಮೊರ ಮುಂದಕ್ಕೆ ಹೋಯಿತೋ ಹಿಂದಕ್ಕೆ ಬಂತೋ ಎಂದೆಲ್ಲ ಕೇಳಿದರು. ನಾನು ಹೇಳಿದೆ. ಆಮೇಲೆ ಬೀಸುವುದನ್ನು ನಿಲ್ಲಿಸಿ, ಗೂಟ ಹಿಡಿದ ಕೈಯನ್ನೇ ನೋಡುತ್ತಾ ಅಂದರು: "ನಾಕು ಸಲ ಕೊಟ್ಟಿದೀನಿ ಕಣಮ್ಮ ನಾನು. ನಿಮ್ಮ ಮಾವ ಇದ್ದಾಗ. ಈಗ ಕೆರೆಗೆ ನಾನ್ಯಾರೂ ಅಲ್ಲ, ಅಲ್ವಾ?"

ನಮ್ಮ ಅತ್ತೆ ಹುಟ್ಟಿದ್ದೂ ಅದೇ ಊರು. ಸೋದರಮಾವನಿಗೇ ಕೊಟ್ಟದ್ದರಿಂದ ಎರಡು ಬೀದಿ ದಾಟಿ ಬಂದದ್ದಷ್ಟೇ ಅವರ ಮದುವೆಯ ಪ್ರಯಾಣ. ಕೂಸಾಗಿದ್ದಾಗ ಅವರಿಗೆ ಮೊದಲ ನೀರು ಹಾಕಿದ್ದು ಆ ಕೆರೆಯದ್ದು. ನಿನ್ನೆ ಮೊನ್ನೆ ಮಾಲೂರಿನಿಂದ ಬಂದ ನಾನು ಬಾಗಿನ ಕೊಟ್ಟು ಬಂದಿದ್ದೆ, ಅವರು ಒಳಗೆ ರಾಗಿ ಬೀಸುತ್ತಿದ್ದರು. ಸಂಜೆ ಬಸ್ಸಿಳಿದು ಬಂದ ನಮ್ಮವರಿಗೆ ಅತ್ತೆ ಅಂದದ್ದನ್ನು ಹಾಗೇ ಹೇಳಿದೆ. ಅವರು ಕಾಲು ತೊಳೆಯುವುದನ್ನೂ ಮರೆತು ಕೂತುಬಿಟ್ಟರು. ದೋಣಿಯಿಂದ ಏನಾದರೂ ಪ್ರಯೋಜನವಾಗುವುದಿದ್ದರೆ ಇದೇ ಎಂದು ಅವರಿಗೆ ಅನ್ನಿಸಿತಂತೆ.

ಮರುದಿನವೇ ಊರಿನ ಹಿರಿಯರ ಹತ್ತಿರ ಹೋದರು. ಕಟ್ಟೆಯ ಮೇಲೆ ನಿಂತು ಕೊಡುವುದಕ್ಕೆ ಊರಿನ ಪದ್ಧತಿ ಇದೆ, ಸರಿ. ಕೆರೆಯ ನಡುವೆ ದೋಣಿಯಲ್ಲಿ ಕೂತು ಕೊಡುವುದಕ್ಕೆ ಯಾವ ಪದ್ಧತಿ ಇದೆ ಎಂದು ವಾದ ಹೂಡಿದರು. ಕಚೇರಿಯಲ್ಲಿ ಹತ್ತು ವರ್ಷ ಕಡತ ನೋಡಿದ ಮನುಷ್ಯ, ಇಂಥದ್ದರಲ್ಲಿ ಗಟ್ಟಿಗರು. ಹಿರಿಯರು ಬಹಳ ಹೊತ್ತು ಎಲೆಯಡಿಕೆ ಅಗಿದು ಕೊನೆಗೆ ಹೇಳಿದ್ದು ಇಷ್ಟು: "ಕಟ್ಟೆ ಮೇಲೆ ಬೇಡಪ್ಪ. ನೀರಿನ ಮಧ್ಯೆ ಏನ್ ನಡೀತದೋ ನಮ್ ಕಣ್ಣಿಗೆ ಕಾಣಲ್ಲ. ಆದ್ರೆ ಬಿಡೋ ಕೈ ನಿನ್ ಹೆಂಡ್ತೀದೇ ಆಗಿರ್ಬೇಕು."

ಹೀಗೆ ಒಪ್ಪಂದವಾಯಿತು. ದೊಡ್ಡ ದೋಣಿಯ ಬೆಂಚಿನ ಮೇಲೆ ಅತ್ತೆ ಕೂರುವುದು, ಅವರ ಮೊರವನ್ನು ನಾನು ಬಿಡುವುದು. ನನ್ನ ಮುಖದಲ್ಲಿ ಆಗ ಸ್ವಲ್ಪ ಜಂಬವೂ ಇದ್ದಿರಬೇಕು. ಇನ್ನು ಉಳಿದದ್ದು ಮೊಣಕಾಲು ಮಡಿಸಲಾಗದ ಅತ್ತೆಯನ್ನು ದೊಡ್ಡ ದೋಣಿಗೆ ಮುಟ್ಟಿಸುವುದು. ಅದೂ ಕೋಡಿ ಹರಿಯುವುದು ನಿಲ್ಲುವ ಮೊದಲು. ಮಳೆ ಆಗಲೇ ನಿಂತು ಹೊಳವಾಗಿತ್ತು. ಆ ಕಡೆಯಿಂದ ಯಾರು ಬಂದರೂ ಅತ್ತೆ ಕೋಡಿ ಎಷ್ಟಿದೆ ಎಂದು ಕೇಳುತ್ತಿದ್ದರು. ಮೊಣಕಾಲುದ್ದ ಇದೆ ಎಂದು ಒಬ್ಬರು ಹೇಳಿದರು. ನಾಲ್ಕು ದಿನ ಬಿಟ್ಟು ಬಂದವರು ಮೀನಖಂಡದವರೆಗೆ ಎಂದರು.

ಶ್ರೀನಿವಾಸಪುರದಲ್ಲಿ ಮಾವಿನಹಣ್ಣಿನ ಪೆಟ್ಟಿಗೆ ಮಾಡುವ ಬಡಗಿಯೊಬ್ಬರ ಪರಿಚಯ ನಮ್ಮವರಿಗಿತ್ತು. ಮರಿದೋಣಿ ಎಂದರೆ ಮುಚ್ಚಳ ಇಲ್ಲದ ಪೆಟ್ಟಿಗೆ ತಾನೇ ಎಂದು ಅವರು ಧೈರ್ಯವಾಗಿ ಒಪ್ಪಿಕೊಂಡರು. ಮೂರೇ ದಿನದಲ್ಲಿ ಮಾವಿನ ಹಲಗೆಯಲ್ಲಿ ಮಾಡಿ ಬಸ್ಸಿನ ಮೇಲೆ ಹಾಕಿ ಕಳಿಸಿದರು. ಕೆಲಸ ಚೊಕ್ಕವಾಗಿತ್ತು. ಒಂದೇ ಕೊರತೆ ಎಂದರೆ, ಹಲಗೆ ಹಲಗೆಯ ನಡುವೆ ಒಂದೊಂದು ಬೆರಳು ಸಂದು ಬಿಟ್ಟಿದ್ದರು. ಹಣ್ಣಿಗೆ ಗಾಳಿಯಾಡಬೇಕಲ್ಲ, ಜೀವಮಾನವಿಡೀ ಅವರು ಸಂದು ಬಿಡದೆ ಏನನ್ನೂ ಮಾಡಿದವರಲ್ಲ. ನಮ್ಮವರು ಸಂದಿಗೆಲ್ಲ ಹರಕು ಬಟ್ಟೆ ತುರುಕಿ ಟಾರು ಬಳಿದರು. ಆಮೇಲೆ ಅದನ್ನು ಎತ್ತಲು ಇಬ್ಬರಲ್ಲ, ಎಂಟು ಜನ ಬೇಕಾಯಿತು. ನೀರಿಗೆ ಬಿಟ್ಟಾಗ ಅರ್ಧ ಗಂಟೆ ತೇಲಿ, ಆಮೇಲೆ ಯಾವ ಗಡಿಬಿಡಿಯೂ ಇಲ್ಲದೆ ಮುಳುಗಿತು. ಮೇಲೆತ್ತಿ ತಂದದ್ದು ನಮ್ಮ ಕೊಟ್ಟಿಗೆಯಲ್ಲಿ ಬಹಳ ವರ್ಷ ದನಗಳಿಗೆ ಹುಲ್ಲು ಹಾಕುವ ಗೋದಲಿಯಾಗಿ ಬಾಳಿತು.

ನಮ್ಮವರು ಧೈರ್ಯಗೆಡಲಿಲ್ಲ. ಮರಿದೋಣಿಗಳಲ್ಲಿ ಎರಡು ಜಾತಿ ಇವೆಯಂತೆ, ಗಟ್ಟಿ ಮೈಯದು ಒಂದು, ಗಾಳಿ ತುಂಬುವುದು ಇನ್ನೊಂದು. ತಮ್ಮದು ಆಯ್ಕೆಯಲ್ಲಿ ಆದ ತಪ್ಪೇ ಹೊರತು ತತ್ವದಲ್ಲಿ ಆದದ್ದಲ್ಲ ಎಂದರು. ನಂಗಲಿಗೆ ಹೋಗಿ ಲಾರಿ ಸ್ನೇಹಿತರಿಂದ ನಾಲ್ಕು ಟ್ಯೂಬು ತಂದರು. ಸ್ನೇಹಿತರೂ ಜೊತೆಗೇ ಬಂದರು. ಅವರ ಮಾತಿನಲ್ಲಿ ಅರ್ಧ ತೆಲುಗು. ಅತ್ತೆಯನ್ನು ನೋಡಿ ನಮ್ಮವರಿಗೆ ಹೇಳಿದರು: "ಏಂ ಭಯಂ ಲೇದು, ಹೆದರ್ಬೇಡಿ. ಹತ್ತು ಟನ್ನು ಹೊತ್ತಿರೋ ಟ್ಯೂಬು, ನಿಮ್ಮಮ್ಮನ್ನ ಹೊರಲ್ವಾ?"

ನಾಲ್ಕು ಟ್ಯೂಬಿಗೂ ಗಾಳಿ ಹೊಡೆದು, ಮೇಲೆ ನಮ್ಮ ಹಿತ್ತಿಲ ಬಾಗಿಲನ್ನೇ ಕಿತ್ತು ಕಟ್ಟಿದರು. ಹಗುರಾಗಿತ್ತು, ಕಾಲಿಟ್ಟರೆ ಮಗುಚಲಿಲ್ಲ. ಪತ್ರಿಕೆಯ ಎಲ್ಲ ಪರೀಕ್ಷೆಯಲ್ಲೂ ತೇರ್ಗಡೆ. ಅತ್ತೆಯನ್ನು ಕೂರಿಸುವ ಮೊದಲು ನನ್ನನ್ನು ಕೂರಿಸಿ ನೋಡುವುದೆಂದಾಯಿತು. ನಾನು ಹಿತ್ತಿಲ ಬಾಗಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ನಮ್ಮವರು ಹಿಂದಿನಿಂದ ಈಜುತ್ತಾ ನೂಕಿದರು. ದೊಡ್ಡ ದೋಣಿಯವರೆಗೆ ಏನೂ ತೊಂದರೆಯಿಲ್ಲ. ದೋಣಿಯನ್ನು ಕಟ್ಟಿದ್ದು ಮಾತ್ರ ಜಾಲಿಮರಕ್ಕೆ, ಅದರ ಕೊಂಬೆಗಳೆಲ್ಲ ಆಗ ನೀರೊಳಗೆ ಇದ್ದವು. ಬುಸ್ ಎಂದು ಒಂದು ಸದ್ದಾಯಿತು. ಹಾವೆಂದು ನಾನು ಕಾಲೆತ್ತಿದೆ. ಇನ್ನೊಂದು ಕಡೆಯಿಂದಲೂ ಬುಸ್ ಎಂದಿತು. ನನ್ನನ್ನು ದೋಣಿಯ ಅಂಚಿಗೆ ನೇತುಹಾಕಿ ನಮ್ಮವರು ಬಾಗಿಲನ್ನು ಹಿಡಿಯಲು ಹೋದರು. ಹೆಂಡತಿಗಿಂತ ಬಾಗಿಲು ಹೆಚ್ಚಾಯಿತೇ ಎಂದು ನಾನು ಒಂದು ವಾರ ಕೇಳಿದೆ. ಬಾಗಿಲು ತೇಲಿ ಹೋಗುತ್ತಿತ್ತು, ನೀನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಎಂದು ಅವರು ಅಷ್ಟೇ ಸಲ ಉತ್ತರ ಕೊಟ್ಟರು.

ನನ್ನ ಒದ್ದೆ ಸೀರೆಯನ್ನು ಹಿಂಡುತ್ತಾ ಅತ್ತೆ ಮೊದಲು ನಕ್ಕರು. ಆಮೇಲೆ ಕೋಡಿ ಎಷ್ಟಿತ್ತು, ನೋಡಿದೆಯಾ ಎಂದು ಕೇಳಿದರು. ಪಾದ ಮುಳುಗುವಷ್ಟಿತ್ತು. ಹೇಳಿದೆ. ಅವರ ಮುಖ ಸಣ್ಣದಾಯಿತು. ಅಲ್ಲಿಯವರೆಗೆ ಮಗನ ಉತ್ಸಾಹಕ್ಕೆ ಅಡ್ಡ ಬರಬಾರದೆಂದು ಬಾಯಿ ಮುಚ್ಚಿಕೊಂಡಿದ್ದ ಅತ್ತೆ ಅವತ್ತು ಕೊಟ್ಟಿಗೆಯ ಹಿಂದಕ್ಕೆ ಕೈ ತೋರಿಸಿದರು. "ಅದ್ಯಾಕೆ ಆಗಲ್ವೋ? ನಮ್ಮಪ್ಪನ ಕಾಲದಲ್ಲಿ ಅಂಥದ್ರಲ್ಲೇ ಅಲ್ವಾ ಆಚೆ ದಡಕ್ಕೆ ಹೋಗ್ತಿದ್ದದ್ದು."

ಅಲ್ಲಿ ಬೋರಲು ಬಿದ್ದಿದ್ದದ್ದು ಬೆಲ್ಲ ಕಾಯಿಸುವ ಕೊಪ್ಪರಿಗೆ. ಮಾವ ಇರುವವರೆಗೆ ಕೆರೆ ಕೆಳಗೆ ಕಬ್ಬು ಬೆಳೆದು ಗಾಣ ಆಡಿಸುತ್ತಿದ್ದರು. ಅವರು ಹೋದ ಮೇಲೆ ಕಬ್ಬೂ ನಿಂತಿತು, ಕೊಪ್ಪರಿಗೆಯ ಕೆಳಗೆ ಕೋಳಿಗಳು ಮೊಟ್ಟೆಗೆ ಕೂರುತ್ತಿದ್ದವು. ಎರಡು ಆಳು ಕೈ ಚಾಚಿ ಮಲಗುವಷ್ಟು ಅಗಲ, ಮೊಣಕಾಲೆತ್ತರದ ಅಂಚು, ಕಬ್ಬಿಣದ ತಗಡುಗಳನ್ನು ರಿವೆಟ್ಟು ಹೊಡೆದು ಕೂಡಿಸಿದ್ದು. ಕೋಲಾರ, ಶ್ರೀನಿವಾಸಪುರ, ನಂಗಲಿ ಎಂದು ಮೂರು ದಿಕ್ಕಿಗೆ ಓಡಾಡಿದ ನಮ್ಮವರು ದಿನಾ ಅದರ ಪಕ್ಕದಲ್ಲೇ ಹಲ್ಲುಜ್ಜುತ್ತಿದ್ದರು. ಪತ್ರಿಕೆಯಲ್ಲಿ ಕೊಪ್ಪರಿಗೆಯ ಚಿತ್ರ ಇರಲಿಲ್ಲ, ಪಾಪ, ಅವರೇನು ಮಾಡಿಯಾರು?

ಇಲ್ಲಿಯವರೆಗೆ ಅವರ ತಪ್ಪುಗಳನ್ನೇ ಹೇಳಿದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದವಳು ನಾನು. ಕೊಪ್ಪರಿಗೆ ಒಳಗೂ ಹೊರಗೂ ಕರ್ರಗೆ ಹತ್ತಿಕೊಂಡಿತ್ತು. ಬಾಗಿನ ಹೊತ್ತು ಹೋಗುವ ಪಾತ್ರೆ ಹೀಗಿರಬಾರದು ಎಂದು ನನಗೆ ಅನ್ನಿಸಿತು. ಮಾಲೂರಿನವರು ಪಾತ್ರೆ ಉಜ್ಜುವುದು ಹಂಚಿನ ಪುಡಿಯಲ್ಲಿ. ತವರಿನಿಂದ ತಂದ ಒಂದು ಚೀಲ ಪುಡಿ ನನ್ನ ಹತ್ತಿರ ಇತ್ತು. ಅತ್ತೆ ಸುಗಟೂರಿನ ನೆಂಟರ ಮನೆಯಿಂದ ಹೊಸ ಮೊರಗಳನ್ನು ತರಲು ಹೋಗಿದ್ದ ಎರಡು ದಿನದಲ್ಲಿ, ಹುಣಿಸೆಹಣ್ಣು ಹಂಚಿನ ಪುಡಿ ಹಾಕಿ, ರಟ್ಟೆ ಬಿದ್ದುಹೋಗುವ ಹಾಗೆ ಉಜ್ಜಿ, ಕೊಪ್ಪರಿಗೆಯನ್ನು ಮುಖ ಕಾಣುವಂತೆ ಮಾಡಿಟ್ಟೆ. ನಮ್ಮವರು ನೋಡಿ ಭೇಷ್ ಎಂದರು. ಅತ್ತೆ ಬಂದು ನೋಡಿದರು. ಭೇಷ್ ಎನ್ನಲಿಲ್ಲ. ಬೆರಳಿಂದ ಒಂದೊಂದು ರಿವೆಟ್ಟನ್ನೂ ಮುಟ್ಟುತ್ತಾ ಹೋದರು.

ಕೊಪ್ಪರಿಗೆಯನ್ನು ಇಬ್ಬರು ಎತ್ತಲಾಗುವುದಿಲ್ಲ, ಆದರೆ ಅಂಚಿನ ಮೇಲೆ ನಿಲ್ಲಿಸಿದರೆ ಒಬ್ಬರೇ ಉರುಳಿಸಿಕೊಂಡು ಹೋಗಬಹುದು. ನಮ್ಮವರು ಹಾಗೇ ಉರುಳಿಸಿಕೊಂಡು ಹೋಗಿ ನೀರಿಗಿಟ್ಟರು. ಚೆನ್ನಾಗಿ ತೇಲಿತು. ಸ್ವಲ್ಪ ಹೊತ್ತಿಗೆ ಒಳಗೆ ರಿವೆಟ್ಟುಗಳ ಸುತ್ತ ಬೆವರಿದ ಹಾಗೆ ನೀರು ಕಾಣಿಸಿತು. ಆಮೇಲೆ ಸಣ್ಣ ಸಣ್ಣ ಬುಗ್ಗೆ. ಅತ್ತೆ ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತೆ. ಬೈದಿದ್ದರೇ ವಾಸಿ ಇತ್ತು. "ಕರಿ ಅಂದ್ರೆ ಕೊಳೆ ಅಂದ್ಕೊಂಡ್ಯಾ? ಅದು ಮೂವತ್ತು ವರ್ಷದ ಪಾಕ ಕಣೇ," ಎಂದರು. "ಸಂದುಗೊಂದು ಎಲ್ಲಾ ಅದೇ ಮುಚ್ಕೊಂಡಿತ್ತು."

ಮಾವ ಕಾಯಿಸಿದ ಬೆಲ್ಲವೆಲ್ಲ ಒಂದೊಂದು ಪದರವಾಗಿ ಅಲ್ಲಿ ಸುಟ್ಟು ಗಟ್ಟಿಯಾಗಿ ಕೂತಿತ್ತು. ಅದನ್ನು ನಾನು ಎರಡೇ ದಿನದಲ್ಲಿ ಕೆರೆದು ತೆಗೆದಿದ್ದೆ. ಆ ದಿನ ನನಗೆ ಅನ್ನ ಸೇರಲಿಲ್ಲ. ಕೋಡಿ ಇನ್ನು ಮೂರೋ ನಾಲ್ಕೋ ದಿನ ಎಂದು ಊರಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮತ್ತೆ ಎಷ್ಟು ವರ್ಷಕ್ಕೆ ಹರಿಯುತ್ತದೋ, ಆಗ ಅತ್ತೆ ಇರುತ್ತಾರೋ ಇಲ್ಲವೋ ಎಂದು ಯೋಚಿಸಿ ಹಿತ್ತಿಲಲ್ಲಿ ಕೂತು ಕಣ್ಣೀರು ಹಾಕಿದೆ. ಹಿತ್ತಿಲಿಗೆ ಬಾಗಿಲೂ ಇರಲಿಲ್ಲ, ಬೀದಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋದರು.

ಬೆಳಗಾಗುತ್ತಲೇ ಅತ್ತೆ ಸುಣ್ಣ ತರಿಸಿದರು. ಅದಕ್ಕೆ ಬೆಲ್ಲ ಕಲಸಿ, ಒರಳಿಗೆ ಹಾಕಿ, ಮೇಣದ ಹಾಗೆ ಆಗುವವರೆಗೆ ನನ್ನ ಕೈಯಲ್ಲಿ ಅರೆಸಿದರು. ಹಳೆಯ ಕಾಲದ ಗಚ್ಚು ಅದು, ಬಾವಿಯ ಕಲ್ಲಿಗೂ ಅದನ್ನೇ ಮೆತ್ತುತ್ತಿದ್ದರಂತೆ. ಮಣೆಯ ಮೇಲೆ ಕಾಲು ಚಾಚಿ ಕೂತು, ಒಂದೊಂದು ರಿವೆಟ್ಟಿಗೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ಒಂದು ದಿನ ಬಿಸಿಲಿಗೆ ಒಣಗಿಸಿ, ಅದರ ಮೇಲೆ ನೀರುಬೆಲ್ಲ ಸುರಿದು, ಕೆಳಗೆ ಬೆಂಕಿ ಮಾಡಿ, ಸೀದ ವಾಸನೆ ಬೀದಿಗೆಲ್ಲ ಹರಡುವವರೆಗೆ ಸುಟ್ಟರು. ನನ್ನ ಹೊಳೆಯುವ ಕೊಪ್ಪರಿಗೆ ಮತ್ತೆ ಕರ್ರಗಾಯಿತು. ಈ ಸಲ ನೀರಿಗಿಟ್ಟಾಗ ಒಳಗೆ ಒಂದು ಹನಿಯೂ ಕಾಣಲಿಲ್ಲ. ನಮ್ಮವರು ಇದನ್ನು ಆ ಪತ್ರಿಕೆಯವರಿಗೆ ಬರೆದು ತಿಳಿಸಬೇಕು ಎಂದರು. ಕೋಡಿಗಲ್ಲಿನ ಮೇಲೆ ಆಗ ಒಂದು ಬೆರಳು ನೀರು ಹರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಹೊರಟೆವು. ನಮ್ಮವರು ಮುಂದಾಗಿ ಈಜಿ ಹೋಗಿ ದೊಡ್ಡ ದೋಣಿಯನ್ನು ಗುಡಿಸಿ, ಬೆಂಚಿನ ಮೇಲೆ ಜಮಖಾನೆ ಹಾಸಿ, ಏಣಿ ಇಳಿಬಿಟ್ಟು ಕಾಯುವುದೆಂದಾಗಿತ್ತು. ಕೊಪ್ಪರಿಗೆಯನ್ನು ನಡೆಸಲು ಹಿಂದಿನ ದಿನ ಅವರೂ ಕಲಿಯಲು ನೋಡಿದ್ದರು. ನಿಂತಲ್ಲೇ ಗಿರಗಿರ ಸುತ್ತಿ, ತಲೆ ತಿರುಗಿ, ದಡಕ್ಕೆ ಬಂದು ಮಲಗಿದ್ದರು. ಅತ್ತೆ ಅಟ್ಟದಿಂದ ಪಾಕ ಮಗುಚುವ ಉದ್ದನೆಯ ಮರದ ಸಟ್ಟುಗವನ್ನು ತೆಗೆಸಿಕೊಂಡರು. ಕಾಲು ಚಾಚಿ ಒಂದು ಕಡೆ ಕೂತು, ಎದುರು ಕಡೆ ನನ್ನನ್ನು ಕೂರಿಸಿದರು. ತೂಕ ಎರಡೂ ಕಡೆ ಸಮ ಇರಬೇಕು, ಅಲುಗಾಡಬೇಡ ಎಂದರು. ಮೊರವನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಸಟ್ಟುಗವನ್ನು ಮುಂದಕ್ಕೆ ಹಾಕಿ ನೀರನ್ನು ತಮ್ಮ ಕಡೆಗೆ ಎಳೆದುಕೊಂಡರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕೊಪ್ಪರಿಗೆ ಸುತ್ತಲಿಲ್ಲ. ನೆಟ್ಟಗೆ ಹೊರಟಿತು.

ಮನೆಯಲ್ಲಿ ಗೋಡೆ ಹಿಡಿದು ಏಳುವ ಹೆಂಗಸು ಇವರೇನಾ ಎಂದು ನಾನು ಕಣ್ಣು ಬಿಟ್ಟು ನೋಡುತ್ತಿದ್ದೆ. ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ಊರಿನ ಹಿರಿಯರೂ ಅಲ್ಲೇ ಇದ್ದರು. ಕಾಣುವುದಿಲ್ಲ ಎಂದು ಮಾತು ಕೊಟ್ಟವರಲ್ಲವೇ, ಪೂರ್ತಿ ಬೆನ್ನು ತಿರುಗಿಸಿ ಕೂತಿದ್ದರು.

ದೊಡ್ಡ ದೋಣಿ ಹತ್ತಿರ ಬಂತು. ನಮ್ಮವರು ಒದ್ದೆ ಮೈಯಲ್ಲೇ ಹೊಸ ಪಂಚೆ ಉಟ್ಟು, ಅಂಚಿನಲ್ಲಿ ಬಾಗಿ ಕೈ ಚಾಚಿ ನಿಂತಿದ್ದರು. ಅತ್ತೆ ಮಾಡನ್ನು ನೋಡಿದರು, ಜಮಖಾನೆ ನೋಡಿದರು, ಮಗನನ್ನು ನೋಡಿದರು. "ಚೆನ್ನಾಗೈತೆ ಬಿಡೋ," ಎಂದರು. ಸಟ್ಟುಗ ನಿಲ್ಲಲಿಲ್ಲ. ಜಾಲಿಮುಳ್ಳಿಗೆ ತಾಗದ ಹಾಗೆ ಬಳಸಿಕೊಂಡು ಕೊಪ್ಪರಿಗೆ ದೋಣಿಯನ್ನು ದಾಟಿ ತೂಬಿನ ಕಡೆ ಹೋಯಿತು. ನಾನು ತಿರುಗಿ ನೋಡಿದಾಗ ನಮ್ಮವರು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದರು.

ತೂಬಿನ ಎರಡು ಕಲ್ಲುಕಂಬಗಳು ನೀರಿನಿಂದ ಮೊಳದಷ್ಟು ಮೇಲಿದ್ದವು. ಅವುಗಳ ನಡುವೆ, ನೀರಿನ ಕೆಳಗೆ, ಗಂಗಮ್ಮನ ಕಲ್ಲು. ಕೆರೆಗೆ ಕೊಡುವ ಬಾಗಿನ ಸಲ್ಲುವುದು ಅವಳಿಗೇ. ಅತ್ತೆ ಒಂದು ಕಂಬವನ್ನು ಹಿಡಿದು ಕೊಪ್ಪರಿಗೆಯನ್ನು ನಿಲ್ಲಿಸಿದರು. ಕೋಡಿಯ ಸದ್ದು ತೀರಾ ಸಣ್ಣಗೆ ಕೇಳಿಸುತ್ತಿತ್ತು. ಕೈ ನನ್ನದೇ ಆಗಿರಬೇಕು ಎಂಬ ಮಾತು ಇತ್ತಲ್ಲ, ನಾನು ಸೆರಗು ಸರಿಮಾಡಿಕೊಂಡು, ಅತ್ತೆಗೆ ನೋವಾಗದ ಹಾಗೆ ಮುಖವನ್ನು ವಿನಯವಾಗಿ ಇಟ್ಟುಕೊಂಡು, ಎರಡೂ ಕೈ ಮುಂದೆ ಚಾಚಿದೆ. ಆ ಮುಖವನ್ನು ನಾನು ಎರಡು ದಿನದಿಂದ ಅಭ್ಯಾಸ ಮಾಡಿದ್ದೆ.

ಅತ್ತೆ ಮೊರವನ್ನು ತಾವೇ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಬಗ್ಗಿ ನೀರಿನ ಮೇಲಿಟ್ಟರು. ಅದು ಕೊಪ್ಪರಿಗೆಯ ಮೈಗೆ ಅಂಟಿಕೊಂಡು ನಿಂತಾಗ ಅಂಗೈಯಿಂದ ಮೆಲ್ಲಗೆ ನೂಕಿದರು. ಮೊರ ಕಂಬಗಳ ನಡುವೆ ಒಂದು ಸುತ್ತು ಸುತ್ತಿ ಆಚೆ ಹೊರಟಿತು. ಆಮೇಲೆ ಚಾಚಿದ್ದ ನನ್ನ ಕೈಗಳನ್ನು ನೋಡಿ ಹೇಳಿದರು: "ನಿಂದು ಆಗ್ಲೇ ಕೊಟ್ಟಾಯ್ತಲ್ಲ. ಇದು ನಂದು."

ನನಗೆ ಮೊದಲು ಭಯವಾಯಿತು, ಕಟ್ಟೆಯ ಕಡೆ ನೋಡಿದೆ. ಆಮೇಲೆ ನಾಚಿಕೆಯಾಯಿತು. ಅತ್ತೆ ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಹಾಕಿಕೊಂಡರು, ಮುಖದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ನಾನು ಅಷ್ಟು ಸಂತೋಷವಾಗಿದ್ದ ಮುಖವನ್ನು ಆ ಮನೆಯಲ್ಲಿ ನೋಡಿರಲಿಲ್ಲ. ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಅಲುಗಾಡದೆ ಕೂತೆ. ಕೊಪ್ಪರಿಗೆ ವಾಲದ ಹಾಗೆ ಎದುರು ಕಡೆ ಒಂದು ತೂಕ ಬೇಕಿತ್ತು, ಅದಕ್ಕೇ ಅವರು ನನ್ನನ್ನು ಕರೆದುಕೊಂಡು ಬಂದಿದ್ದರು.